ಫೆಬ್ರುವರಿ ಇಪ್ಪತ್ತೆರಡರ ಅಂಕಿ

2004ರ ಜನವರಿ, ಫೆಬ್ರುವರಿ ಸೇರಿ ಒಂಬತ್ತು ಭಾನುವಾರಗಳಿದ್ದವು. ಒಂಬತ್ತೂ ಬೆಳಿಗ್ಗೆ ನಾನು ಒಂದೇ ಕಾರಿನ ಎಡಗಡೆ ಸೀಟಿನಲ್ಲಿ ಕೂತು, ಒಂದೇ ಮೀಟರ್ ನೋಡುತ್ತಾ ಅಂಕಿ ಬರೆದಿದ್ದೇನೆ. ಒಟ್ಟು ಇನ್ನೂರ ಹದಿನಾಲ್ಕು ಅಂಕಿ. ಅದರಲ್ಲಿ ಒಂದು ಸುಳ್ಳು.

ಆಗ ನಾನು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೆ. ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಮೊದಲ ಬಸ್ಸು ಹಿಡಿದು ಭದ್ರಾವತಿಯ ಓಲ್ಡ್ ಟೌನಿಗೆ ಹೋಗುತ್ತಿದ್ದದ್ದು ಪ್ರಾಜೆಕ್ಟಿಗಾಗಿ. ಅಲ್ಲಿ ಒಂದು ಲೇತ್ ಶೆಡ್ಡಿನಲ್ಲಿ, ನನಗಿಂತ ನಾಲ್ಕು ವರ್ಷ ದೊಡ್ಡವನೊಬ್ಬ ಹಳೇ ಜಪಾನ್ ಕಾರಿಗೆ ಜೀವ ಕೊಡುತ್ತಿದ್ದ. ಯಾವುದೋ ಎಸ್ಟೇಟಿನವರು ತರಿಸಿ, ಕೆಟ್ಟ ಮೇಲೆ ಮೂಲೆಗೆ ತಳ್ಳಿದ್ದ ಕಾರು. ಅದರ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ರೋಟರ್‌ಗಳು ಗುಳಿಯೊಳಗಿನ ರುಬ್ಬುಗುಂಡಿನ ಹಾಗೆ ಸುತ್ತುತ್ತವೆ. ಗಾಳಿಯನ್ನು ಒತ್ತಿ ತುಂಬಲು ಪಕ್ಕದಲ್ಲೊಂದು ಟರ್ಬೊ.

ಅವನಿಗೆ ಭಯವಿದ್ದದ್ದು ಆ ಮೂಲೆಗಳದ್ದೇ. ಪ್ರತಿ ಮೂಲೆಗೂ ಗಾಳಿ ಸೋರದ ಹಾಗೆ ಬೆರಳುದ್ದದ ಒಂದು ಸೀಲು. ಟರ್ಬೊ ಒತ್ತುವಾಗ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರದಿದ್ದರೆ ಒಳಗೆ ಬಡಿತ ಏಳುತ್ತದೆ. ಬೇರೆ ಎಂಜಿನ್ನುಗಳು ನಾಲ್ಕು ಸಲ ಬಡಿದು ಎಚ್ಚರಿಸುತ್ತವೆ. ಇದು ಒಮ್ಮೆ ಬಡಿದರೆ ಸೀಲು ಮುರಿದ ಹಾಗೇ. ಮುರಿದರೆ ಹಾಕಲು ಅವನ ಹತ್ತಿರ ಬೇರೆ ಇರಲಿಲ್ಲ.

ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಯಮ ಬರೆದೆವು. ಪೆಟ್ರೋಲ್ ಒಂದೇ ಬಂಕಿನದು. ಶುರುವಿಗೆ ಟರ್ಬೊ ಒತ್ತಡ ಕಮ್ಮಿ, ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ. ಆಮೇಲೆ ಒಂದು ವಾರ ಒತ್ತಡ ಚೂರು ಏರಿಸುವುದು, ಇನ್ನೊಂದು ವಾರ ಅದಕ್ಕೆ ತಕ್ಕಂತೆ ಪೆಟ್ರೋಲ್ ಹೊಂದಿಸುವುದು. ಭಾನುವಾರಕ್ಕೆ ಒಂದೇ ಬದಲಾವಣೆ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ಮೀಟರ್ ತೋರಿಸುತ್ತಿತ್ತು. ಪೂರ್ತಿ ಒತ್ತಡದಲ್ಲಿ ಅದು ಹನ್ನೊಂದರಲ್ಲಿ ನಿಲ್ಲಬೇಕು. ಹನ್ನೊಂದೂವರೆ ದಾಟಿದರೆ ನಾನು "ಬಿಡು" ಅನ್ನಬೇಕು, ಅವನು ಕಾಲು ತೆಗೆಯಬೇಕು. ಅವನು ನೋಡುವುದು ರಸ್ತೆ, ನಾನು ನೋಡುವುದು ಮೀಟರ್.

ಹಿಂದಿನ ಸೀಟಿನಲ್ಲಿ ಅವನ ಅಮ್ಮ ಇರುತ್ತಿದ್ದರು. ಮದುವೆಯಾಗದ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಹೋದರೆ ಓಲ್ಡ್ ಟೌನ್ ಸುಮ್ಮನಿರುತ್ತದೆಯೇ? ಆ ಸೀಟೋ, ಮಕ್ಕಳಿಗೂ ಸಾಲದು. ಮಂಡಿ ಗಲ್ಲಕ್ಕೆ ತಾಗಿಸಿಕೊಂಡು, ತೊಡೆ ಮೇಲೆ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದರು.

"ಮನೇಲಿ ರುಬ್ಬೋದು ಸಾಲ್ದು ಅಂತ ರುಬ್ಬೋ ಕಲ್ಲಿನ ಮೇಲೇ ಕೂರಿಸ್ಕೊಂಡು ಹೊರಟ್ಯೇನೋ?"

"ಒಂಬತ್ತು ಸೆಕೆಂಡು ಸುಮ್ನಿರಮ್ಮ."

"ನಿನ್ನ ಒಂಬತ್ತು ಸೆಕೆಂಡಿಗೆ ನಾನು ಐದು ಗಂಟೆಗೆದ್ದು ಚಿತ್ರಾನ್ನ ಕಲಸಿದೀನಿ."

ಒಂದು ದಿನ ನಾನು ಅವರಿಗೆ ಗಾಳಿ-ಪೆಟ್ರೋಲಿನ ಲೆಕ್ಕ ವಿವರಿಸಿದೆ. ಕೇಳಿಸಿಕೊಂಡು ಹೇಳಿದರು: "ಎಣ್ಣೆ ಕಮ್ಮಿ ಮಾಡಿ ಉರಿ ಜಾಸ್ತಿ ಮಾಡಿದ್ರೆ ದೋಸೆ ಸೀಯುತ್ತೆ, ಅಷ್ಟೇ ತಾನೆ? ಇದಕ್ಕೆ ಮೂರು ವರ್ಷ ಡಿಪ್ಲೊಮಾ ಬೇಕಾಯ್ತಾ ಮಾರಾಯ್ತಿ?"

ಶಿವಮೊಗ್ಗ ರಸ್ತೆಯಲ್ಲಿ ಒಂದು ಮೋರಿಯಿಂದ ಒಂದು ಹುಣಸೆಮರದವರೆಗೆ ನೇರ ದಾರಿ. ಮೂರನೇ ಗೇರಿನಲ್ಲಿ ಒಂಬತ್ತು ಸೆಕೆಂಡು. ಟರ್ಬೊ ಶಿಳ್ಳೆ ಹಾಕುತ್ತಾ ಏರುತ್ತಿತ್ತು, ಬೆನ್ನು ಸೀಟಿಗೆ ಅಂಟುತ್ತಿತ್ತು, ನಾನು ಅಂಕಿ ಕೂಗುತ್ತಿದ್ದೆ. ಆಮೇಲೆ ಮರದಡಿ ನಿಲ್ಲಿಸಿ ಚಿತ್ರಾನ್ನ. ಅವನು ನೋಟ್‌ಬುಕ್ ಇಸಿದುಕೊಂಡು ನಾನು ಬರೆದ ಸಾಲುಗಳ ಮೇಲೆ ಬೆರಳಾಡಿಸುತ್ತಾ ಓದುತ್ತಿದ್ದ. ಎರಡನೇ ಭಾನುವಾರದವರೆಗೆ "ನೀವು" ಅನ್ನುತ್ತಿದ್ದವನು ಜನವರಿ ಹದಿನೆಂಟರಂದು "ನೀನು" ಅಂದ. ಅದನ್ನು ಬರೆದದ್ದು ಮನೆಯ ಡೈರಿಯಲ್ಲಿ.

ಫೆಬ್ರುವರಿ ಎಂಟರಂದು ಅವನು ಹೇಳಿದ. ಕೊಯಮತ್ತೂರಿನಲ್ಲಿ ರೇಸಿನ ಕಾರು ಕಟ್ಟುವ ವರ್ಕ್‌ಶಾಪೊಂದು ಅವನನ್ನು ಕರೆದಿತ್ತು. ಕಾರು ಹದಕ್ಕೆ ಬಂದ ಮೇಲೆ ನೋಟ್‌ಬುಕ್ ಸಮೇತ ಬಾ ಎಂದಿದ್ದರಂತೆ.

"ಹನ್ನೊಂದು ಬಂದ ದಿನ ಹೊರಡ್ತೀನಿ" ಅಂದ.

ಆ ದಿನ ಮೀಟರ್ ಹನ್ನೊಂದು ಪಾಯಿಂಟ್ ಮೂರು ತೋರಿಸಿತ್ತು. ಹದಿನೈದರಂದು ಹನ್ನೊಂದು ಪಾಯಿಂಟ್ ಎರಡು. ಇಪ್ಪತ್ತೆರಡರಂದು ಟರ್ಬೊ ಪೂರ್ತಿ ಒತ್ತಡಕ್ಕೆ ಏರಿತು, ಮುಳ್ಳು ಹನ್ನೊಂದಕ್ಕೆ ಬಂದು ಅಲುಗದೆ ನಿಂತಿತು. ಅಷ್ಟು ಚೆಂದದ ಅಂಕಿಯನ್ನು ನಾನು ಅದುವರೆಗೂ ನೋಡಿರಲಿಲ್ಲ.

"ಎಷ್ಟು?" ಅಂದ.

"ಹನ್ನೊಂದು ಪಾಯಿಂಟ್ ನಾಲ್ಕು" ಅಂದೆ. ಹಾಗೇ ಬರೆದೆ.

ಅವನು ಮರದಡಿ ನಿಲ್ಲಿಸಿ, ಎಂಜಿನ್ನಿಗೆ ಅಳೆದು ಬಿಡುವ ಕಂಟ್ರೋಲ್ ಡಬ್ಬಿಯಲ್ಲಿ ಪೆಟ್ರೋಲ್ ಒಂದು ಮೆಟ್ಟಿಲು ಏರಿಸಿದ. "ಸರಿ, ಇನ್ನೊಂದು ಭಾನುವಾರ" ಅಂದ. ಪೆಟ್ರೋಲ್ ಹೆಚ್ಚಾದರೆ ಸೀಲಿಗೆ ಅಪಾಯವಿಲ್ಲ ಎಂದು ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳಿನಲ್ಲೂ ಸುರಕ್ಷಿತ ದಿಕ್ಕನ್ನೇ ಆರಿಸಿದ್ದೆ.

ಆ ವರ್ಷ ಫೆಬ್ರುವರಿಗೆ ಇಪ್ಪತ್ತೊಂಬತ್ತನೇ ತಾರೀಖಿತ್ತು, ಅದೂ ಭಾನುವಾರ. ಮೋರಿ ದಾಟಿ ಏಳನೇ ಸೆಕೆಂಡಿಗೆ ಎಂಜಿನ್ ಉಸಿರು ಕಟ್ಟಿದ ಹಾಗೆ ತಡವರಿಸಿತು, ಹಿಂದೆ ಕಪ್ಪು ಹೊಗೆ. ಮೀಟರಿನಲ್ಲಿ ಹತ್ತೂವರೆ. ಅವನ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಎಣ್ಣೆ ಜಾಸ್ತಿ ಆಯ್ತಲ್ಲೋ" ಅಂದರು. ಅವನು ಹೋದ ವಾರ ಏರಿಸುವ ಮೊದಲಿದ್ದ ಮೆಟ್ಟಿಲಿಗೇ ಇಳಿಸಿ ಮತ್ತೆ ಓಡಿಸಿದ. ಹನ್ನೊಂದು. ಈ ಸಲ ಕೂಗಿ ಹೇಳಿದೆ.

ಶೆಡ್ಡಿಗೆ ಬಂದೆವು. ಅವನ ಅಮ್ಮ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದರು. ಆ ನೋಟ್‌ಬುಕ್ ನಂಬಿ ನಾಳೆ ಇನ್ಯಾರೋ ಆ ಎಂಜಿನ್ನಿಗೆ ಕೈ ಹಾಕುತ್ತಾರೆ. ಸುಳ್ಳನ್ನು ಒಳಗಿಟ್ಟು ಕೊಡಲು ನನ್ನಿಂದಾಗಲಿಲ್ಲ.

"ಇಪ್ಪತ್ತೆರಡರ ಅಂಕಿ ತಪ್ಪು" ಅಂದೆ. "ಹನ್ನೊಂದೇ ಬಂದಿತ್ತು."

ಅವನು ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದ. "ಗೊತ್ತು. ಮೀಟರ್ ನಂಗೂ ಕಾಣ್ಸುತ್ತಲ್ಲ ಮಾರಾಯ್ತಿ."

"ನೀನು ರಸ್ತೆ ನೋಡ್ಬೇಕಿತ್ತು."

"ನೋಡ್ಬೇಕಿತ್ತು."

"ಮತ್ಯಾಕೆ ಪೆಟ್ರೋಲ್ ಏರಿಸ್ದೆ?"

ಕೈಯಲ್ಲಿ ಎಣ್ಣೆ ಉಳಿದಿರಲಿಲ್ಲ, ಆದರೂ ಒರೆಸುತ್ತಲೇ ಇದ್ದ. ಅಷ್ಟರಲ್ಲಿ ಅವನ ಅಮ್ಮ ಬಂದು, ಹತ್ತೂವರೆ ಬಸ್ಸು ತಪ್ಪುತ್ತೆ ಕಣೇ, ಹೊರಡು ಅಂದರು. ನಾನು ಕೆಂಪು ಪೆನ್ನಿನಲ್ಲಿ ಆ ಅಂಕಿ ಹೊಡೆದು, ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ನೋಟ್‌ಬುಕ್ ಕೊಟ್ಟೆ. ಅವನು ಅದೇ ವಾರ ಹೋದ.

ನಾಲ್ಕು ವರ್ಷವಾಯಿತು. ಈಗ ನನಗೆ ಭದ್ರಾವತಿಯಲ್ಲೇ ಕೆಲಸ, ದಿನವೂ ಅದೇ ರಸ್ತೆ. ಮೋರಿಯಿಂದ ಹುಣಸೆಮರದವರೆಗೆ ಬಸ್ಸಿಗೆ ಇಪ್ಪತ್ತೈದು ಸೆಕೆಂಡು ಬೇಕು. ಪುಸ್ತಕ ಓದುತ್ತಿದ್ದರೆ ಮುಚ್ಚಿಟ್ಟು ಎಣಿಸುತ್ತೇನೆ. ಒಂಬತ್ತಕ್ಕೆ ನಿಲ್ಲಿಸಲು ನೋಡುತ್ತೇನೆ. ಮರ ಇನ್ನೂ ದೂರದಲ್ಲಿರುತ್ತದೆ.