ಡಾಕ್ಟರಿಗೆ ಒಯ್ದ ಚಕ್ಕೋತ

ಎಡ ಎದೆಯ ಗಂಟು ಕೈಗೆ ಸಿಕ್ಕಾಗ ನಾನು ಹೆದರಲಿಲ್ಲ. ನೋವಿರಲಿಲ್ಲ, ಸುಮ್ಮನಿದ್ದೆ. ಸೊಂಟ ಹಿಡಿದುಕೊಂಡು ಬಗ್ಗಲಾಗದಂತೆ ಆದಾಗಲೇ ಬೆಂಗಳೂರಿನ ಆಸ್ಪತ್ರೆಗೆ ಹೋದದ್ದು. ಬಯಾಪ್ಸಿ ಆಯಿತು. ಸ್ಕ್ಯಾನ್ ಆಯಿತು.

ಗಂಟು ಕ್ಯಾನ್ಸರ್. ಸೊಂಟದ ನೋವೂ ಅದರದ್ದೇ.

ಮೂಳೆಗೆ ಇಳಿದಿದೆ, ಬುಡಸಮೇತ ಕೀಳಲಾಗುವುದಿಲ್ಲ, ಹಿಡಿತದಲ್ಲಿಡಬಹುದು ಎಂದರು ಡಾಕ್ಟರ್ ಮೇಡಂ. ನನ್ನ ಮಗಳ ವಯಸ್ಸಿನವರು. ಸದ್ಯಕ್ಕೆ ಕೀಮೋ ಬೇಡ, ಟಾರ್ಗೆಟೆಡ್ ಥೆರಪಿ ಕೊಡೋಣ ಎಂದರು. ಹಾರ್ಮೋನ್ ತಗ್ಗಿಸಲು ಒಂದು ಮಾತ್ರೆ, ಜೊತೆಗೆ ಈ ಹೊಸ ಮಾತ್ರೆ. ಹೊಸದನ್ನು ಮೂರು ವಾರ ನುಂಗಬೇಕು, ಒಂದು ವಾರ ಬಿಡಬೇಕು.

"ಒಂದು ಕಣ ಎರಡಾಗೋಕೆ ಒಳಗಿಂದ ಅಪ್ಪಣೆ ಬೇಕಮ್ಮ. ಈ ಮಾತ್ರೆ ಆ ಅಪ್ಪಣೆ ತಡೆಯುತ್ತೆ."

"ಸಾಯ್ಸಲ್ವಾ ಹಂಗಾದ್ರೆ?"

"ಬೆಳೆಯೋಕೆ ಬಿಡಲ್ಲ. ಆದ್ರೆ ಬಿಳಿ ರಕ್ತಕಣಕ್ಕೂ ಸ್ವಲ್ಪ ಏಟು ಬೀಳುತ್ತೆ. ಅದಕ್ಕೇ ಬಿಡುವು, ಅದಕ್ಕೇ ರಕ್ತ ಪರೀಕ್ಷೆ."

ನಮ್ಮದು ಆವತಿ ಪಕ್ಕದ ಹಳ್ಳಿ. ಅಲ್ಲಿ ಯಾರೂ ಇದನ್ನು ನಂಬಲಿಲ್ಲ. ನೋಡಲು ಬಂದವರ ಕಣ್ಣು ಮೊದಲು ನನ್ನ ಜಡೆಯ ಮೇಲೆ. "ಕೂದ್ಲು ಹಂಗೇ ಐತಲ್ಲಕ್ಕ, ಇದೆಂಥ ಕ್ಯಾನ್ಸರು?" ಎಂದು ಎದುರುಮನೆ ರತ್ನಮ್ಮ ಮುಖ ಚಿಕ್ಕದು ಮಾಡಿಕೊಂಡಳು. ಅಳಲು ತಯಾರಾಗಿ ಬಂದಿದ್ದಳು ಪಾಪ. ನಿನಗೋಸ್ಕರ ಬೇಕಾದರೆ ಬೋಳಿಸಿಕೊಂಡು ಕೂರುತ್ತೇನೆ ಎಂದೆ.

ಕೂದಲು ಉಳಿದರೂ ಬಾಯಿ ಕೆಟ್ಟಿತ್ತು. ಏನಿಟ್ಟರೂ ಮಣ್ಣು ತಿಂದ ಹಾಗೆ. ನಮ್ಮ ಯಜಮಾನರಿಗೆ ಮಾತು ಕಡಿಮೆ, ಧೈರ್ಯ ಹೇಳಲು ಬಾರದು. ಹಿತ್ತಲಿನ ಮರದಿಂದ ಚಕ್ಕೋತ ಕಿತ್ತು ತರುತ್ತಿದ್ದರು. ದಪ್ಪ ಸಿಪ್ಪೆ ಸುಲಿದು, ತೊಳೆಗಳ ಕಹಿ ಪೊರೆ ಎಳೆ ಎಳೆಯಾಗಿ ತೆಗೆದು, ಉಪ್ಪು ಖಾರದಪುಡಿ ಉದುರಿಸಿ ತಟ್ಟೆಯನ್ನು ನನ್ನ ಮುಂದೆ ತಳ್ಳುತ್ತಿದ್ದರು. ನಮ್ಮ ಕಡೆ ಬಸುರಿಯರಿಗೆ, ಜ್ವರ ಬಿಟ್ಟೆದ್ದವರಿಗೆ ಬಾಯಿರುಚಿಗೆ ಕೊಡುವುದೇ ಅದು. ನನಗೂ ಅದೊಂದೇ ಒಳಗಿಳಿಯುತ್ತಿತ್ತು. ದಿನಾ ತಿಂದೆ. ಅವರ ಒರಟು ಬೆರಳು ಆ ನಾಜೂಕು ಕೆಲಸ ಮಾಡುವುದನ್ನು ನೋಡುವುದೇ ಒಂದು ಸುಖವಾಗಿತ್ತು.

ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳ ಕೌಂಟ್ ಕುಸಿದಿತ್ತು.

ಮಾತ್ರೆ ನಿಲ್ಲಿಸಿದರು, ಕೌಂಟ್ ಏರಿತು. ಮತ್ತೆ ಶುರು ಮಾಡಿದರು. ಮತ್ತೆ ಕುಸಿಯಿತು, ಮೊದಲಿಗಿಂತ ಕೆಳಕ್ಕೆ.

"ನಾಟಿ ಔಷಧಿ, ಕಷಾಯ ಏನಾದ್ರೂ ತಗೋತಿದೀರಾ?" ಮೇಡಂ ಕೇಳಿದರು.

ಇಲ್ಲ ಎಂದೆ. ದೇವರಾಣೆಗೂ ನಿಜವನ್ನೇ ಹೇಳಿದ್ದೆ. ಮನೆ ಹಿತ್ತಲ ಹಣ್ಣನ್ನು ಯಾರಾದರೂ ಔಷಧಿ ಅನ್ನುತ್ತಾರೆಯೇ? ಮೇಡಂ ಯೋಚಿಸಿದರು. ಮಾತ್ರೆ ನಿಲ್ಲಿಸಿ ಒಂದು ವಾರ ಬಿಟ್ಟು ಬನ್ನಿ, ಡೋಸ್ ಇಳಿಸಿ ಕೊಡೋಣ, ಅದನ್ನೂ ಮೈ ತಡೆಯದಿದ್ದರೆ ಈ ಮಾತ್ರೆಯನ್ನೇ ಬಿಡಬೇಕಾಗುತ್ತದೆ ಎಂದರು.

ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಕ್ಯಾನ್ಸರ್ ಎಂದಾಗಲೂ ಅಷ್ಟು ಅತ್ತಿರಲಿಲ್ಲ. ಇದ್ದ ಒಂದು ಆಸರೆಯೂ ಹೋದರೆ ಮುಂದೇನು ಎಂಬ ಭಯ.

ಉಪಕಾರ ಮಾಡಿದವರ ಬಳಿಗೆ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಮೇಡಂ ಮನಸ್ಸು ಹೇಗಾದರೂ ಕರಗಲಿ ಎಂಬ ಆಸೆಯೂ ಇತ್ತೇನೋ, ವಾರ ಕಳೆದು ಹೋದಾಗ ಯಜಮಾನರು ಮರದಲ್ಲಿದ್ದ ಅತಿ ದೊಡ್ಡ ಹಣ್ಣನ್ನು ಚೀಲದಲ್ಲಿ ಹೊತ್ತು ತಂದು ಅವರ ಮೇಜಿನ ಮೇಲಿಟ್ಟರು.

ಮೇಡಂ ನಕ್ಕರು. ಆಮೇಲೆ ನಗು ನಿಂತಿತು.

"ಅಮ್ಮನೂ ಇದನ್ನ ತಿಂತಾರಾ?"

"ದಿನಾ," ಎಂದರು ಯಜಮಾನರು, ಹೆಮ್ಮೆಯಿಂದ. "ನಾನೇ ಬಿಡ್ಸಿ ಕೊಡ್ತೀನಿ."

ನುಂಗಿದ ಮಾತ್ರೆಯನ್ನು ಒಡೆದು ಹೊರಹಾಕಲು ಮೈಯೊಳಗೆ ಒಂದು ಎನ್‌ಜೈಮ್ ಇದೆಯಂತೆ. ಚಕ್ಕೋತ ಅದರ ಕೈ ಕಟ್ಟಿಹಾಕುತ್ತದಂತೆ. ನಾನು ಒಂದೇ ಮಾತ್ರೆ ನುಂಗಿದರೂ ರಕ್ತದಲ್ಲಿ ಅದಕ್ಕಿಂತ ಹೆಚ್ಚು ಸೇರುತ್ತಾ ಹೋಗಿರಬಹುದು. "ಕಷಾಯ ಕೇಳಿದೆ, ಹಣ್ಣು ಕೇಳಲಿಲ್ಲ. ಕೇಳಬೇಕಿತ್ತು ನಾನು," ಎಂದರು ಮೇಡಂ. "ಇದೇ ಕಾರಣ ಅಂತ ಖಾತ್ರಿ ಇಲ್ಲ. ಡೋಸ್ ಇಳಿಸೋದು ಬೇಡ. ಇದನ್ನ ಪೂರ್ತಿ ಬಿಟ್ಟು ಒಂದು ಸುತ್ತು ನೋಡೋಣ."

ಬಸ್ಸಿನಲ್ಲಿ ಯಜಮಾನರ ಮುಖ ನೋಡಲಾಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದವರೇ ಮಚ್ಚು ಹಿಡಿದು ಹಿತ್ತಲಿಗೆ ಹೊರಟರು.

"ನನ್ ಕೈಯಾರ ವಿಷ ಹಾಕ್ಬಿಟ್ನಲ್ಲೇ."

"ಮರ ಏನ್ ಮಾಡ್ತು? ಮಚ್ಚು ಕೆಳಗಿಡಿ," ಎಂದು ಗದರಿದೆ. "ಅದೂ ಇಲ್ದಿದ್ರೆ ಹೊಟ್ಟೆಗಿಲ್ದೇ ಹೋಗ್ಬಿಡ್ತಿದ್ದೆ."

ಹಣ್ಣೆಲ್ಲ ರತ್ನಮ್ಮನ ಮನೆ ಸೇರಿತು. ಆ ಸುತ್ತಿನಲ್ಲಿ ಕೌಂಟ್ ಇಳಿಯಿತು, ಆದರೆ ಇಳಿಯಬೇಕಾದಷ್ಟೇ. ಮುಂದಿನ ಸುತ್ತಿನಲ್ಲೂ ಅಷ್ಟೇ. ಸ್ಕ್ಯಾನಿನಲ್ಲಿ ಗಂಟು ಸಣ್ಣದಾಗಿತ್ತು, ಮೂಳೆಯಲ್ಲಿ ಹೊಸದೇನೂ ಇರಲಿಲ್ಲ. ಮಾತ್ರೆ ನನಗೆ ಉಳಿಯಿತು. ಈಗ ಬಗ್ಗಿ ಕಸ ಗುಡಿಸುತ್ತೇನೆ, ನಾನೇ ರಾಗಿ ಮುದ್ದೆ ತೊಳಸುತ್ತೇನೆ. ಇದಕ್ಕಿಂತ ದೊಡ್ಡ ಸಂತೋಷ ಬೇಕೆಂದು ಅನ್ನಿಸುವುದಿಲ್ಲ.

ಸ್ಕ್ಯಾನ್ ತೋರಿಸಿದ ದಿನ ಯಜಮಾನರು ಬಾಯಿ ಬಿಟ್ಟರು. ಮುದ್ದೆ ತಿನ್ಬೋದಾ? ಹುಳ್ಳಿ ಸಾರು? ಸೀಬೆಹಣ್ಣು? ಮೇಡಂ ಎಲ್ಲಕ್ಕೂ ನಗುತ್ತಾ ಹೂಂ ಎಂದರು. ಹೊರಡಲು ಎದ್ದು ನಿಂತ ಯಜಮಾನರು ಮತ್ತೆ ಕೂತರು.

"ಇವ್ಳು ಇರ್ತಾಳಾ ಮೇಡಂ?"

ಅದನ್ನು ಕೇಳುವ ಧೈರ್ಯ ನನಗೇ ಬಂದಿರಲಿಲ್ಲ.

ಮೇಡಂ ಸುಳ್ಳು ಹೇಳಲಿಲ್ಲ. "ಎಷ್ಟು ವರ್ಷ ಅಂತ ಹೇಳೋಕಾಗಲ್ಲ. ಈಗ ಮಾತ್ರೆ ಕೆಲಸ ಮಾಡ್ತಿದೆ. ಮಾಡೋವರೆಗೂ ಇದನ್ನೇ ಕೊಡ್ತೀನಿ. ಆಮೇಲೆ ಬೇರೆ ದಾರಿ ನೋಡೋಣ."

"ಅಷ್ಟು ಸಾಕು ಬಿಡಿ ಮೇಡಂ," ಎಂದೆ. ನಿಜವಾಗಿಯೂ ಸಾಕೆನಿಸಿತ್ತು.

ನಮ್ಮ ಯಜಮಾನರು ಊಟಕ್ಕೆ ಕೂತರೆ ಇನ್ನೊಂದು ಸೌಟು ಸಾರು ಕೇಳಿದವರಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನವೂ ಯಾವುದೂ ಕಡಿಮೆಯಾಯಿತು ಎಂದವರಲ್ಲ. ಅವತ್ತು ಮೇಡಂ ಎದುರಿಗೆ ತಲೆ ತಗ್ಗಿಸಿಕೊಂಡೇ ಹೇಳಿದರು.

"ನಂಗೆ ಸಾಲ್ದು."