ಹತ್ತು ನಿಮಿಷದ ಥರ್ಮಾಮೀಟರ್

ಕಡೊವಾಕಿ ಟೀಚರ್ ಹತ್ತಿರ ಒಂದು ಹಳೆಯ ಥರ್ಮಾಮೀಟರ್ ಇದೆ. ಕಂಕುಳಲ್ಲಿ ಇಟ್ಟುಕೊಂಡರೆ ಅದು ಕೀಂ ಎನ್ನಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಇಲ್ಲದ ಜ್ವರವೂ ಬಂದು ಹೋದೀತು ಎಂದು ಮೊದಲ ಸಲ ನೋಡಿದಾಗ ನನಗೆ ಅನ್ನಿಸಿತ್ತು.

ಟೀಚರಿಗೆ ಐವತ್ತೆಂಟು ವರ್ಷ. ಒಸಾಕಾದ ದಕ್ಷಿಣ ತುದಿಯಲ್ಲಿರುವ ನಮ್ಮ ಪ್ರಾಥಮಿಕ ಶಾಲೆಯ ಆರೋಗ್ಯ ಕೋಣೆ ಹತ್ತೊಂಬತ್ತು ವರ್ಷದಿಂದ ಅವರದೇ ರಾಜ್ಯ. ಊರವರು ಕಾಸು ಕೊಟ್ಟು ಮೀಯುವ ಬಿಸಿನೀರಿನ ಸ್ನಾನದ ಮನೆ ನಡೆಸುತ್ತಿದ್ದವರ ಮಗಳು. ದನಿ ಹಬೆಯನ್ನೂ ಸೀಳಿಕೊಂಡು ಹೋಗುತ್ತದೆ. ನಮ್ಮ ಬೀದಿಗಳಲ್ಲಿ ಅಪ್ಪಂದಿರು ನಸುಕಿಗೇ ಕೂಲಿ ವ್ಯಾನು ಹತ್ತುತ್ತಾರೆ, ಅಮ್ಮಂದಿರು ಎರಡೆರಡು ಕಡೆ ದುಡಿಯುತ್ತಾರೆ. ಮಕ್ಕಳು ತಾವೇ ಎದ್ದು, ತಿಂದೋ ತಿನ್ನದೆಯೋ ಶಾಲೆಗೆ ಬರುತ್ತಾರೆ. ಎರಡನೇ ಪೀರಿಯಡ್ ಹೊತ್ತಿಗೆ ಅರ್ಧ ಶಾಲೆಗೆ ಹೊಟ್ಟೆನೋವು. ಆರೋಗ್ಯ ಕೋಣೆಯಲ್ಲಿ ‘ಬ್ಯಾಂಡೇಜ್’ ಎಂದು ಚೀಟಿ ಅಂಟಿಸಿದ ಒಂದು ಬೀರು ಇದೆ. ಒಳಗಿರುವುದು ನಡುವೆ ಮೀನೋ ಉಪ್ಪಿನಕಾಯಿಯೋ ಇಟ್ಟು ಕಟ್ಟಿದ ಅನ್ನದ ಉಂಡೆಗಳು. ಹೆಡ್‌ಮಾಸ್ತರರಿಗೆ ಇದು ಗೊತ್ತು. ಒಮ್ಮೊಮ್ಮೆ ಅವರೂ ಬ್ಯಾಂಡೇಜ್ ಕೇಳಿಕೊಂಡು ಬರುತ್ತಾರೆ.

ನನ್ನ ಮಗಳು ಚಿತೊಸೆ ಒಂದನೇ ತರಗತಿ. ನಾನೂ ಅವಳ ಅಪ್ಪನೂ ಬೇರೆಯಾಗಿ, ಟೋಕಿಯೊ ಬಿಟ್ಟು ಇಲ್ಲಿಗೆ ಬಂದ ಮೇಲೆ ಅವಳು ಶಾಲೆಯಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತು, ಗೇಟು ದಾಟಿದರೆ ತುಟಿಗೆ ಬೀಗ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಒಂದಕ್ಷರವಿಲ್ಲ. ನಾನು ಪುಸ್ತಕ ಓದಿದೆ, ಡಾಕ್ಟರಿಗೆ ತೋರಿಸಿದೆ, ಅವಳು ಆಕಳಿಸಿದಾಗಲೆಲ್ಲ ಗಂಟಲಿಗೆ ಟಾರ್ಚು ಬಿಟ್ಟೆ. ದಿನಾ ಹೊಟ್ಟೆನೋವೆಂದು ಆರೋಗ್ಯ ಕೋಣೆಗೆ ಹೋಗುತ್ತಾಳೆಂದು ತಿಳಿದಾಗ ಓಡಿಹೋಗಿ ನೋಡಿ ಬಂದೆ. ಆ ಥರ್ಮಾಮೀಟರ್ ಎಷ್ಟು ಕಂಕುಳು ಸುತ್ತಿ ಬಂದಿದೆಯೋ!

ಹಣೆಗೆ ಹಿಡಿದರೆ ಒಂದೇ ಸೆಕೆಂಡಿಗೆ ಅಂಕಿ ತೋರಿಸುವ ಯಂತ್ರ ಕೊಂಡು, ಬಣ್ಣದ ಕಾಗದ ಸುತ್ತಿ ಶಾಲೆಗೆ ಕೊಟ್ಟೆ. ಹೆಡ್‌ಮಾಸ್ತರರು ಎರಡು ಸಲ ಬಗ್ಗಿ ವಂದಿಸಿದರು. ಮಾರನೆಯ ದಿನವೇ ನಿಯಮವೂ ಬಂತು: ಜ್ವರ ಇಲ್ಲದವರು ಕೂಡಲೇ ತರಗತಿಗೆ.

ಕಡೊವಾಕಿ ಟೀಚರ್ ಮಾತ್ರ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅಬ್ಬಾ, ಏನು ಚುರುಕು ಇದು! ಮನುಷ್ಯರನ್ನ ಕೂತ್ಕೊಳ್ಳೋಕೂ ಬಿಡಲ್ಲ,” ಎಂದರು. ಹೊಗಳಿಕೆ ಎಂದುಕೊಂಡು ಹಿಗ್ಗಿದೆ.

ಮುಂದಿನ ವಾರ ಚಿತೊಸೆಯ ಹೊಟ್ಟೆನೋವು ಮನೆಗೇ ಬಂತು. ಬೆಳಿಗ್ಗೆ ಶೂ ಹಾಕಲು ಕೂತವಳು ಏಳಲಿಲ್ಲ. ಮೂರು ದಿನ ಶಾಲೆ ತಪ್ಪಿತು. ಮಾತು ಹೋದದ್ದು ಸಾಲದೆ ಶಾಲೆಯೂ ಹೋಯಿತೇ ಎಂದು ನಾನು ಅನ್ನ ನೀರು ಬಿಟ್ಟೆ. ಆಮೇಲೆ ಸೋಮವಾರ ಇದ್ದಕ್ಕಿದ್ದಂತೆ ಕುಣಿಯುತ್ತ ಹೊರಟಳು. ಅದಕ್ಕೂ ಗಾಬರಿಯಾದೆ.

ಆ ಶುಕ್ರವಾರ, ಒಗೆಯಲು ತಂದ, ಶಾಲೆಯೊಳಗಷ್ಟೇ ಹಾಕುವ ಅವಳ ಬಟ್ಟೆ ಶೂ ಕೊಡವಿದರೆ ಎರಡು ಬ್ಯಾಟರಿ ಉರುಳಿದವು.

“ಎಲ್ಲಿಂದ ಬಂತೇ ಇದು?”

“ನೀನು ಕೊಟ್ಟ ಮಿಷನ್ನಿಂದ,” ಎಂದಳು, ನೆಲ ನೋಡುತ್ತ.

ನನ್ನ ಮಗಳು ಕಳ್ಳಿ! ಸೋಮವಾರ ಬೆಳಿಗ್ಗೆ ಅವಳ ಕೈ ಹಿಡಿದುಕೊಂಡು ಆರೋಗ್ಯ ಕೋಣೆಗೆ ನುಗ್ಗಿದೆ.

ಮೂರನೇ ತರಗತಿಯ ಕೊಯುಕಿ ಎಂಬ ಹುಡುಗಿ ಕಂಕುಳಲ್ಲಿ ಹಳೆಯ ಥರ್ಮಾಮೀಟರ್ ಇಟ್ಟುಕೊಂಡು ಕೂತಿದ್ದಳು. ಟೀಚರ್ ಪಕ್ಕದಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆ ಮಡಚುತ್ತಿದ್ದರು. ಇಬ್ಬರ ಮುಖವೂ ಕಿಟಕಿಯ ಕಡೆಗೆ.

“ಅಪ್ಪ ಮನೆಗೆ ಬರ್ದೆ ನಾಲ್ಕು ದಿನ ಆಯ್ತು ಟೀಚರ್. ಅನ್ನ ನಾನೇ ಮಾಡ್ದೆ. ಸೀದೋಯ್ತು.”

“ಸೀದಿದ್ದು ಯಾರು ತಿಂದ್ರು?”

“ತಮ್ಮಂಗೆ ಮೇಲಿಂದು, ನಂಗೆ ತಳದ್ದು.”

“ಭಲೇ ಅಡುಗೆಯವಳೇ! ಸಾಯಂಕಾಲ ನಾನೂ ಬರ್ತೀನಿ. ಸೀಯಿಸದೆ ಮಾಡೋದು ಹೇಗೆ, ಇಬ್ರೂ ನೋಡೋಣ.”

ನುಗ್ಗಿದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಆದರೂ ಅಭ್ಯಾಸ ಬಿಡುತ್ತದೆಯೇ? ಬ್ಯಾಟರಿಗಳನ್ನು ಮೇಜಿನ ಮೇಲಿಟ್ಟು, “ಕ್ಷಮಿಸಿ ಟೀಚರ್, ಇದು ನನ್ನ ಮಗಳ...” ಎಂದೆ.

“ಓ, ಅದಾ? ಆ ಮಿಷನ್ನು ಹೋದ ವಾರದಿಂದ ತಣ್ಣಗೆ ಮಲಗಿದೆ. ನಾನೂ ಎಬ್ಬಿಸೋಕೆ ಹೋಗ್ಲಿಲ್ಲ. ನಾನು ಸ್ವಲ್ಪ ಸೋಮಾರಿ, ನೋಡಿ.”

ನಾನೋ, ಸತ್ಯಸಂಧಳು! ಯಂತ್ರದ ಮುಚ್ಚಳ ತೆಗೆದು ಒಂದು ಬ್ಯಾಟರಿ ತುರುಕಿದೆ. ಎರಡನೆಯದನ್ನು ಎತ್ತಿಕೊಂಡೆ.

“ಹಾಕ್ಬೇಡಮ್ಮಾ!”

ಚಿತೊಸೆಯ ದನಿ, ಶಾಲೆಯೊಳಗೆ! ಕೊಯುಕಿಯ ಬಾಯಿ ಬಿಟ್ಟದ್ದು ಬಿಟ್ಟಂತೇ ಇತ್ತು. “ಟೀಚರ್! ಇವಳಿಗೆ ಮಾತು ಬರತ್ತೆ!”

“ನಿನ್ನಷ್ಟು ಬರಲ್ಲ ಬಿಡೇ. ಅಲ್ಲಾಡ್ಬೇಡ, ಜಾರತ್ತೆ,” ಎಂದರು ಟೀಚರ್, ತಿರುಗಿಯೂ ನೋಡದೆ. ಆದರೆ ಮಡಚಿಟ್ಟ ಬಟ್ಟೆಯಷ್ಟೂ ಅವರ ಮಡಿಲಿನಿಂದ ನೆಲಕ್ಕೆ ಜಾರಿತ್ತು.

“ಅದು ಹಾಕಿದ್ರೆ ಹತ್ತು ನಿಮಿಷ ಹೋಗ್ಬಿಡತ್ತೆ,” ಎಂದಳು ಚಿತೊಸೆ, ಕಿಟಕಿಗೆ ಹೇಳುವವಳಂತೆ.

ನಾನು ಎರಡನೆಯ ಬ್ಯಾಟರಿಯನ್ನು ಮೇಜಿನ ಮೇಲೆ ವಾಪಸಿಟ್ಟೆ.

“ಚಿತೊಸೆ ಅಮ್ಮ, ನಿಮ್ಮ ಮುಖ ಯಾಕೋ ಕೆಂಪಗಿದೆ,” ಎಂದು ಟೀಚರ್ ಕೊಯುಕಿಯಿಂದ ಥರ್ಮಾಮೀಟರ್ ತೆಗೆದು, ಸ್ಪಿರಿಟಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

“ನಂಗೆ ಜ್ವರ ಇಲ್ಲ ಟೀಚರ್, ಬುತ್ತಿ ಅಂಗಡಿ ಕೆಲಸಕ್ಕೆ ಹೊತ್ತಾಗತ್ತೆ...”

“ಇದೆಯೋ ಇಲ್ವೋ ಅದು ಹೇಳತ್ತೆ. ಕೂತ್ಕೊಳ್ಳಿ.”

ಎಷ್ಟು ಕಂಕುಳು ಸುತ್ತಿದೆಯೆಂದು ನಾನು ಆಗ ಎಣಿಸಲಿಲ್ಲ. ಕಿಟಕಿಯಾಚೆ ಆಟದ ಬಯಲು ನೋಡುತ್ತ ಏನೇನು ಹೇಳಿದೆನೋ! ಅವಳಪ್ಪನ ವಿಷಯ, ಟೋಕಿಯೊದ ಮನೆ, ಟಾರ್ಚಿನ ಕತೆ. ಟೀಚರ್ ಬಟ್ಟೆ ಮಡಚುತ್ತಲೇ ಇದ್ದರು. ಕೀಂ ಎಂದಾಗ, ಇಷ್ಟು ಬೇಗವೇ ಎನ್ನಿಸಿತು.

ಮೂವತ್ತಾರು ಪಾಯಿಂಟ್ ನಾಲ್ಕು. ಜ್ವರವಿಲ್ಲ.

“ನಿಮ್ಮಮ್ಮಂಗೆ ಒಂದು ಬ್ಯಾಂಡೇಜ್ ಕೊಡೇ ಪುಟ್ಟಿ,” ಎಂದರು ಟೀಚರ್.

ಚಿತೊಸೆ ಬೀರು ತೆರೆದು, ಒಳಗೆ ತಲೆ ತೂರಿಸಿ, ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದಳು: “ಅಮ್ಮಾ, ಮೀನಿಂದಾ, ಉಪ್ಪಿನಕಾಯಿದಾ?”