ಅವ್ವನ ಬೀರು ಮತ್ತು ಮದರಾಸಿನ ಅರ್ಜಿ

ಚಾಮರಾಜನಗರದ ಆ ವಾಚನಾಲಯದಲ್ಲಿ ಪುಸ್ತಕಗಳಿಗಿಂತ ಬೀರುಗಳಿಗೆ ಮರ್ಯಾದೆ ಹೆಚ್ಚು. ಒಂದೊಂದು ಬೀರುವೂ ಒಬ್ಬೊಬ್ಬ ದಾನಿಯದು. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ದಾನಿಯ ಹೆಸರು, ಒಳಗೆ ಅವರ ಮನೆಯಿಂದ ಬಂದ ಪುಸ್ತಕಗಳು. ಜವಳಿ ವ್ಯಾಪಾರಿಯ ಬೀರುವಿನ ಪುಸ್ತಕ ನಿವೃತ್ತ ಅಮಲ್ದಾರರ ಬೀರುವಿಗೆ ಹೋಗುವಂತಿಲ್ಲ. ವ್ಯಾಕರಣವೂ ಪತ್ತೇದಾರಿ ಕಾದಂಬರಿಯೂ ಹೋಮಿಯೋಪತಿಯೂ ಒಂದೇ ಹಲಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದವು. ಕೊಟ್ಟವರು ಯಾರು ಎಂದು ಗೊತ್ತಿದ್ದರೆ ಪುಸ್ತಕ ಸಿಗುತ್ತಿತ್ತು, ಇಲ್ಲವಾದರೆ ಇಲ್ಲ.

ಕನ್ನಡ ನಾಡೆಲ್ಲ ಒಂದಾದ ಮಾರನೆಯ ವರ್ಷ ನಾನು ಅಲ್ಲಿ ಕೆಲಸಕ್ಕಿದ್ದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದೆ. ಊರು ಗುಂಡ್ಲುಪೇಟೆ. ವಾರವೆಲ್ಲ ಚಾಮರಾಜನಗರದ ಸೋದರತ್ತೆಯ ಮನೆಯಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ. ಹುಡುಗಿಯೊಬ್ಬಳು ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ಹಿಂದೆ ಕೂತಿರುವುದನ್ನು ನೋಡಲೆಂದೇ ಕೆಲವರು ಪೇಪರ್ ಓದುವ ನೆಪದಲ್ಲಿ ಬರುತ್ತಿದ್ದರು. ಬರಲಿ ಬಿಡಿ, ಪೇಪರಾದರೂ ಓದಿದರಲ್ಲ!

ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಮದರಾಸಿನಲ್ಲಿ ಪದವಿಯಾದವರಿಗೆ ಒಂದು ವರ್ಷದ ಲೈಬ್ರರಿ ಡಿಪ್ಲೊಮ ಇತ್ತು. ಅದನ್ನು ಓದಲೇಬೇಕು, ಓದಿ ನಿಜವಾದ ಲೈಬ್ರರಿಯನ್ ಆಗಲೇಬೇಕು ಎಂದು ಹಟ ಹಿಡಿದಿದ್ದೆ. ಅರ್ಜಿಯ ಜೊತೆಗೆ, ಕೆಲಸ ಮಾಡಿದ ಕಡೆಯ ಅಧ್ಯಕ್ಷರ ಸಹಿಯಿರುವ ಅನುಭವ ಪತ್ರ ಬೇಕಿತ್ತು. ಪತ್ರವಿಲ್ಲದ ಅರ್ಜಿಯನ್ನು ಅವರು ನೋಡುವುದೇ ಇಲ್ಲ. ನಮ್ಮ ಅಧ್ಯಕ್ಷರು ಭೀಮನಬೀಡಿನ ಕಡೆಯ ದೊಡ್ಡ ಜಮೀನ್ದಾರರು, ಹಣೆ ತುಂಬ ವಿಭೂತಿ, ಮಾತು ಕಡಿಮೆ. "ಆಕ್ಕೊಟ್ಟೀನಿ ಕಣಮ್ಮಿ, ಅದೇನ್ ಮಹಾ" ಎಂದು ಒಪ್ಪಿಕೊಂಡಿದ್ದರು.

ಆಗ ಒಂದು ದಿನ ಸಂತೆಮರಹಳ್ಳಿಯ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಬಂದರು. "ಅಮ್ಮಾ, ಉಳ ಮಂಕಾಗಿ ಬಿದ್ಕಂಡವ, ಸೊಪ್ನೇ ಮುಟ್ತಾ ಇಲ್ಲ. ಅದುಕ್ಕೇನಾರ ಪುಸ್ತಕ ಅದಾ?" ಎಂದು ಕೇಳಿದರು. ಎಲ್ಲ ಬೀರು ತಡಕಾಡಿದರೂ ಸಿಕ್ಕಿದ್ದು ಒಂದೇ ಒಂದು ತೆಳ್ಳನೆಯ ಪುಸ್ತಕ, ಅದರಲ್ಲಿ ಹಿಪ್ಪುನೇರಳೆ ನೆಡುವುದು ಬಿಟ್ಟರೆ ಬೇರೇನೂ ಇರಲಿಲ್ಲ. ತಿಂಗಳ ಮೇಲೆ ಧೂಳು ಹೊಡೆಯುವಾಗ ಅಮಲ್ದಾರರ ಬೀರುವಿನ ಹಿಂದಿನ ಸಾಲಿನಲ್ಲಿ, ಅವರು ಕೇಳಿದ ರೋಗವನ್ನೇ ಚಿತ್ರ ಸಮೇತ ವಿವರಿಸಿದ ಪುಸ್ತಕ ಕೈಗೆ ಬಂತು. ಅಷ್ಟರಲ್ಲಿ ಆ ಮನುಷ್ಯ ಹುಳವನ್ನೆಲ್ಲ ತಿಪ್ಪೆಗೆ ಸುರಿದಾಗಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಯಾರನ್ನೂ ಕೇಳಲಿಲ್ಲ. ಒಂದು ವಾರ ಬಾಗಿಲು ಅರ್ಧ ಮುಚ್ಚಿಕೊಂಡು ಎಲ್ಲ ಪುಸ್ತಕಗಳನ್ನೂ ನೆಲಕ್ಕಿಳಿಸಿ, ವೈದ್ಯಕ್ಕೊಂದು ಬೀರು, ಬೇಸಾಯಕ್ಕೊಂದು, ಕಥೆಗೊಂದು ಎಂದು ಜೋಡಿಸಿಬಿಟ್ಟೆ. ಮುಗಿದ ಮೇಲೆ ದೂರ ನಿಂತು ನೋಡಿ ಬೀಗಿದೆ. ಮದರಾಸಿಗೆ ಹೋಗುವ ಮೊದಲೇ ಲೈಬ್ರರಿಯನ್ ಆದೆ ಎನ್ನಿಸಿತ್ತು.

ಅಧ್ಯಕ್ಷರದೊಂದು ಪದ್ಧತಿ ಇತ್ತು. ಅವರ ಬೀರು ತೀರಿಕೊಂಡ ತಾಯಿಯ ಹೆಸರಿನದು. ಆ ತಾಯಿಗೆ ಓದು ಬರುತ್ತಿರಲಿಲ್ಲವಂತೆ, ಆದರೆ ಗಂಡ ತಂದ ಒಂದೊಂದು ಪುಸ್ತಕವನ್ನೂ ಸೆರಗಿನಲ್ಲಿ ಒರೆಸಿ ಇಡುತ್ತಿದ್ದರಂತೆ. ವರ್ಷಕ್ಕೊಮ್ಮೆ, ಅವರ ಸ್ಮರಣೆಯ ದಿನ, ಅಧ್ಯಕ್ಷರು ತಟ್ಟೆಯಲ್ಲಿ ಬಿಲ್ವಪತ್ರೆ, ಹೂವು ತಂದು ಬೀರು ತೆಗೆಸಿ ಒಂದೊಂದು ಹಲಗೆಗೂ ಇಡುತ್ತಿದ್ದರು. ಆ ದಿನ ಬಂತು. ಬಾಗಿಲು ತೆಗೆದರು. ಕೈ ಅಲ್ಲೇ ನಿಂತಿತು.

"ಇದ್ಯಾವ್ದಮ್ಮಿ?"

"ವೈದ್ಯದ ಪುಸ್ತಕ. ಈಗ ಆ ಬೀರಿನಲ್ಲಿ ವೈದ್ಯ ಮಾತ್ರ ಇರುತ್ತೆ."

"ನಮ್ಮವ್ವನ ಪುಸ್ತಕ?"

"ಎಲ್ಲಾ ಇವೆ. ಬೇರೆ ಬೇರೆ ಬೀರಿಗೆ ಹಂಚಿದೀನಿ."

"ಅಂಚ್ಬುಟ್ಟಾ? ನಮ್ಮವ್ವನ್ನ ಮನೆಮನೆಗೂ ಅಂಚ್ಬುಟ್ಟಾ?" ಎಂದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. "ಸತ್ತೋರಿಗೆ ಪುಸ್ತಕ ಯಾಕೆ? ಬದುಕಿರೋರಿಗೆ ಸಿಗ್ಲಿ ಅಂತ ಮಾಡ್ದೆ" ಎಂದುಬಿಟ್ಟೆ.

ಅವರು ಹೂವಿನ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಪತ್ರಕ್ಕೆ ಸಯ್ನ್ ಕೇಳಿದ್ದಲ್ಲ? ಮಡಿಕ್ಕೊ ನಿನ್ ಪತ್ರವ" ಎಂದು ಹೊರಟುಹೋದರು. ಅರ್ಜಿ ಕಳಿಸಲು ಉಳಿದಿದ್ದದ್ದು ಎರಡೇ ವಾರ.

ಶನಿವಾರ ಗುಂಡ್ಲುಪೇಟೆಗೆ ಹೋಗಿ, ರಾಗಿ ಬೀಸುತ್ತಿದ್ದ ಅವ್ವನ ಮುಂದೆ ಅಧ್ಯಕ್ಷರನ್ನು ವಾಚಾಮಗೋಚರ ಬೈದೆ. ಅವ್ವ ಬೀಸುಗಲ್ಲು ನಿಲ್ಲಿಸಲಿಲ್ಲ.

"ಅದು ಆಯಪ್ಪನ ತಾಯಿ ಬೀರು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಕೇಳ್ದೆ ಮುಟ್ದಾ?"

ನಾನು ಬೀಸುಗಲ್ಲಿನ ಸುತ್ತ ಚೆಲ್ಲಿದ್ದ ರಾಗಿ ಕಾಳು ಆಯತೊಡಗಿದೆ.

"ಅಂಗಾರೆ ತೆಪ್ಪು ನಿಂದೇ ಕಣಮ್ಮಿ. ಓಗಿ ಸರಿಮಾಡು. ಇಲ್ಲಿ ಕುಂತು ಬೋದ್ರೆ ಮದ್ರಾಸು ಅತ್ರ ಬಂದದಾ?"

ಆ ರಾತ್ರಿ ಅವಳ ಮೇಲೂ ಸಿಟ್ಟು ಮಾಡಿಕೊಂಡೆ. ಆದರೆ ಸೋಮವಾರದ ಮೊದಲ ಬಸ್ಸಿಗೇ ಹೊರಟೆ.

ವಾಚನಾಲಯದ ಪಕ್ಕದ ಅಂಗಡಿಯಲ್ಲಿ ಬೈಂಡಿಂಗ್ ಮಾಡುವ ಸಾಹೇಬರೊಬ್ಬರಿದ್ದರು. ನಮ್ಮ ಹರಿದ ಪುಸ್ತಕಗಳಿಗೆಲ್ಲ ಅವರೇ ಆಸ್ಪತ್ರೆ. ಅಂಟು ಕಲಸುತ್ತಲೇ ನನ್ನ ಗೋಳೆಲ್ಲ ಕೇಳಿಸಿಕೊಂಡರು. "ವಾಪಸ್ ಇಟ್ಟರೆ ಮತ್ತೆ ಅದೇ ಗೊಂದಲ, ಇಡದಿದ್ದರೆ ಪತ್ರ ಇಲ್ಲ" ಎಂದೆ.

"ಅರೆ ಬೇಟಿ, ಪೋಸ್ಟ್‌ಮ್ಯಾನ್ ಏನ್ ಮಾಡ್ತಾನೆ? ಊರಿನ್ ಮನೇನೆಲ್ಲ ಎತ್ಕೊಂಡ್ ಬಂದು ಪೋಸ್ಟಾಫೀಸ್ನಲ್ಲಿ ಸಾಲಾಗ್ ಇಟ್ಕೋತಾನಾ? ಮನೆ ಅಲ್ಲೇ ಇರ್ತದೆ. ಅವ್ನ ಹತ್ರ ಅಡ್ರೆಸ್ ಇರ್ತದೆ."

ಹಣೆ ಚಚ್ಚಿಕೊಂಡೆ. ಕಾರ್ಡುಗಳ ಪಟ್ಟಿಯ ವಿಷಯವನ್ನು ನಾನು ಮೈಸೂರಿನಲ್ಲೇ ಓದಿದ್ದೆ. ಅದೆಲ್ಲ ದೊಡ್ಡ ಊರಿನ ದೊಡ್ಡ ಲೈಬ್ರರಿಗಳ ವೈಭವ ಎಂದುಕೊಂಡು ಅಲ್ಲೇ ಮರೆತಿದ್ದೆ. ಓದಿದ್ದು ಉಪಯೋಗಕ್ಕೆ ಬರದಿದ್ದರೆ ಓದಿ ಏನು ಬಂತು, ಮಣ್ಣು!

ಮೊದಲು ಅಧ್ಯಕ್ಷರ ಅವ್ವನ ಬೀರು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ದಾನಿಯ ಮುದ್ರೆ ಇದ್ದದ್ದು ನನ್ನ ಪುಣ್ಯ. ಒಂದೊಂದನ್ನೂ ಹುಡುಕಿ, ಒರೆಸಿ, ಅದರದರ ಹಲಗೆಗೆ ಸೇರಿಸಿದೆ. ಆಮೇಲೆ ಉಳಿದ ಬೀರುಗಳು. ಸಾಹೇಬರು ರಟ್ಟಿನ ಚೂರುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ ಕೊಟ್ಟರು. ಪುಸ್ತಕಕ್ಕೊಂದು ಕಾರ್ಡು: ಹೆಸರು, ಬರೆದವರು, ಯಾರ ಬೀರು, ಎಷ್ಟನೇ ಹಲಗೆ. ಮೇಜಿನ ಖಾನೆಯಲ್ಲಿ ಕಾರ್ಡುಗಳನ್ನು ವಿಷಯದ ಪ್ರಕಾರ ನಿಲ್ಲಿಸಿದೆ. ಬೆರಳುಗಳೆಲ್ಲ ಮಸಿ, ಬೆನ್ನು ಸೆಟೆದುಹೋಗಿತ್ತು. ಊಟಕ್ಕೆ ಕರೆಯಲು ಬಂದ ಅತ್ತೆ ನನ್ನ ಮುಖ ನೋಡಿ, ಮನೆಗೆ ಹಿಂತಿರುಗಿ ಬುತ್ತಿ ಕಟ್ಟಿ ತಂದಿಟ್ಟು ಹೋದರು.

ಕೊನೆಯ ದಿನಾಂಕಕ್ಕೆ ಮೂರು ದಿನವಿರುವಾಗ ಅಧ್ಯಕ್ಷರ ಮನೆಗೆ ಹೋದೆ. "ಕೇಳದೆ ಮುಟ್ಟಿದ್ದು ತಪ್ಪು. ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು. ಬಂದು ಒಂದ್ಸಲ ನೋಡಿ" ಎಂದೆ. ಮಾರನೆಯ ದಿನ ಬಂದರು. ತಾಯಿಯ ಬೀರುವಿನ ಮುಂದೆ ನಿಂತು ಒಂದೊಂದು ಪುಸ್ತಕದ ಬೆನ್ನನ್ನೂ ಬೆರಳಲ್ಲಿ ಮುಟ್ಟುತ್ತ ಹೋದರು. ಆಮೇಲೆ ಖಾನೆಯ ಕಡೆ ನೋಡಿದರು.

"ಅದೇನದು?"

"ಏನಾದ್ರೂ ಕೇಳಿ, ಹೇಳ್ತೀನಿ."

"ದನದ್ ಕಾಯ್ಲೆ."

ನಾಲ್ಕು ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಒಂದರಲ್ಲಿ ಅವರ ತಾಯಿಯ ಬೀರು, ಮೂರನೆಯ ಹಲಗೆ ಎಂದಿತ್ತು. ತಾವೇ ಹೋಗಿ ತೆಗೆದುಕೊಂಡರು. "ಅಲಲಾ! ನಮ್ಮವ್ವನ ತಾವು ದನದ್ ಪುಸ್ತಕ ಇತ್ತಾ!" ಎಂದು ಅಲ್ಲೇ ಬೆಂಚಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಮುಕ್ಕಾಲು ಗಂಟೆ ಓದಿದರು. ನಾನು ಟೈಪು ಮಾಡಿಸಿದ ಪತ್ರ ಹಿಡಿದು ನಿಂತೇ ಇದ್ದೆ.

ಕೊನೆಗೆ ತಲೆಯೆತ್ತಿ, "ಸಯ್ನ್ ಆಕಾಕಾಗಲ್ಲ ಕಣಮ್ಮಿ" ಎಂದರು.

"ಯಾಕೆ?"

"ನೀ ಓಗ್ಬುಟ್ರೆ ಇದುನ್ನೆಲ್ಲ ಯಾರ್ ನೋಡ್ಕಂಡರು? ಇಲ್ಲೇ ಇರು. ನಿಂಗೇನ್ ಕಮ್ಮಿಯಾಗದ?"

ಅಯ್ಯೋ ಶಿವನೇ! ಕೆಡಿಸಿದ್ದಕ್ಕೆ ಸಹಿ ಇಲ್ಲ, ಸರಿಮಾಡಿದ್ದಕ್ಕೂ ಸಹಿ ಇಲ್ಲ! ಸಿಟ್ಟು ನೆತ್ತಿಗೇರಿತು, ಕಣ್ಣಲ್ಲಿ ನೀರೂ ಬಂತು. "ನಾನೇನು ನಿಮ್ಮ ಬೀರಿನ ಪುಸ್ತಕ ಅಲ್ಲ, ಬೀಗ ಹಾಕಿಟ್ಟು ವರ್ಷಕ್ಕೊಂದ್ಸಲ ಹೂವ ಇಡೋಕೆ" ಎಂದೆ.

ಅವರು ಎದ್ದು ಬಂದು ದನದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಓದಾದ್ ಮ್ಯಾಲೆ ತಿರ್ಗ ಬಂದೀಯಾ?" ಎಂದು ಕೇಳಿದರು.

"ಗೊತ್ತಿಲ್ಲ. ಬರ್ತೀನಿ ಅಂತ ಸುಳ್ಳು ಹೇಳಿ ಸೈನ್ ಹಾಕಿಸ್ಕೊಳಲ್ಲ."

ಪೆನ್ನಿಗೆ ಕೈ ಚಾಚಿದರು. ಇಂಗ್ಲಿಷ್ ಪತ್ರದ ಕೆಳಗೆ ಸಹಿ ಮಾಡಿ, ಅದರ ಕೆಳಗೆ ಕನ್ನಡದಲ್ಲಿ ಏನೋ ನಿಧಾನವಾಗಿ ಬರೆದರು. ನನಗೆ ತೋರಿಸದೆ ಲಕೋಟೆಗೆ ಹಾಕಿ, ಸಾಹೇಬರ ಅಂಗಡಿಯ ಅಂಟಿನಿಂದಲೇ ಅಂಟಿಸಿದರು. "ಬಿಚ್ಚಬ್ಯಾಡ. ಅಂಗೇ ಕಳ್ಸು" ಎಂದರು. ಅಂಟು ಒಣಗುವವರೆಗೂ ಕಾಯದೆ ಅಂಚೆ ಕಚೇರಿಗೆ ಓಡಿದೆ.

ಮದರಾಸಿನ ಸಂದರ್ಶನದಲ್ಲಿ ಮೂವರು ಕೂತಿದ್ದರು. ಮೂವರಿಗೂ ಕನ್ನಡ ಬಾರದು. ನಡುವಿನವರು ಪತ್ರವನ್ನು ನನ್ನ ಕಡೆ ತಿರುಗಿಸಿ, ಕೆಳಗಿರುವುದನ್ನು ನೀವೇ ಇಂಗ್ಲಿಷಿನಲ್ಲಿ ಓದಿ ಹೇಳಿ ಎಂದರು. ಆ ಸಾಲುಗಳನ್ನು ನಾನು ನೋಡಿದ್ದು ಅದೇ ಮೊದಲು.

"ಈ ಹುಡುಗಿಗೆ ಕೋಪ ಹೆಚ್ಚು. ದೊಡ್ಡವರಿಗೆ ಎದುರು ಮಾತಾಡುತ್ತಾಳೆ. ತಪ್ಪು ಮಾಡಿದರೆ ತಾನೇ ಕೂತು ಸರಿಮಾಡುತ್ತಾಳೆ. ಇವಳನ್ನು ಕಳಿಸಿಕೊಡಲು ನಮಗೆ ಸುತರಾಂ ಮನಸ್ಸಿಲ್ಲ. ಆದ್ದರಿಂದ ತಾವು ಇವಳನ್ನು ಸೇರಿಸಿಕೊಳ್ಳಬೇಕು."

ಮೊದಲಿನ ಎರಡು ವಾಕ್ಯ ಬಿಟ್ಟು ಓದಬಹುದಿತ್ತು, ಬಿಟ್ಟದ್ದು ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಡಲಿಲ್ಲ. ಒಂದೊಂದನ್ನೂ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಕೊನೆಯ ವಾಕ್ಯವೊಂದು ಉಳಿಯಿತು. ಮೂವರು ಅಪರಿಚಿತರ ಎದುರಿಗೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅದನ್ನೂ ಹೇಳಿ ಮುಗಿಸಿದೆ.